ವಿಮಾನದ ಹೊಲಕ್ಕೆ ಒಂದು ಹಿಡಿ ಚರಗ

ಸಿಂದಗಿ ಬಸ್ ನಿಲ್ದಾಣದಲ್ಲಿ ಸೊಲ್ಲಾಪುರದ ನೇರ ಬಸ್ಸು ಎದುರಿಗೇ ನಿಂತಿತ್ತು. ನಮ್ಮ ಅತ್ತೆ ನೀಲವ್ವ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಇಂಡಿ ತನಕ ಹೆಣ್ಮಕ್ಕಳಿಗಿ ಪುಕ್ಕಟ ಐತಿ. ಮುಂದಿಂದು ಮುಂದ ನೋಡೂಣು, ನಡಿ" ಎಂದು ಇಂಡಿಯ ಕೆಂಪು ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅರಬ್ಬೀ ಸಮುದ್ರದ ದ್ವೀಪಕ್ಕೆ ಹೊರಟವರು ಇಂಡಿಯ ಟಿಕೆಟ್ಟಿನಲ್ಲಿ ಉಳಿತಾಯ ನೋಡುವುದು ಕಂಡು ನನಗೆ ನಗು ಬಂತು. ನಕ್ಕರೆ ಸೊಲ್ಲಾಪುರದವರೆಗೂ ಮಾತು ಕೇಳಬೇಕಾಗುತ್ತದೆ ಎಂದು ಸುಮ್ಮನೆ ಪಕ್ಕದಲ್ಲಿ ಕುಳಿತೆ.

ನಾವು ಹೊರಟಿದ್ದು ದೀವ್‌ಗೆ. ಗುಜರಾತಿನ ದಕ್ಷಿಣದ ದಂಡೆಗೆ ಅಂಟಿಕೊಂಡಂತಿರುವ ಸಣ್ಣ ದ್ವೀಪ ಅದು. ಅಲ್ಲಿ ಪೋರ್ಚುಗೀಸರ ಕೋಟೆ ಇದೆ, ಚರ್ಚುಗಳಿವೆ, ಬೀಚುಗಳಿವೆ. ಪ್ರವಾಸಿಗಳು ಹೋಗುವುದು ಅವುಗಳಿಗಾಗಿ. ಅತ್ತೆಗೆ ಬೇಕಾಗಿದ್ದು ಅಲ್ಲಿಯ ಹಳೆಯ ವಿಮಾನ ನಿಲ್ದಾಣ. ವಿಮಾನ ಹತ್ತುವ ಆಸೆ ಅವರಿಗಿರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಆ ನಿಲ್ದಾಣದ ಅಂಚಿನಲ್ಲಿ ನಿಂತು ಚರಗ ಚೆಲ್ಲಬೇಕಾಗಿತ್ತು.

ನಮ್ಮ ಸೀಮೆಯವರಿಗೆ ಚರಗ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತು ತೆನೆ ಕಟ್ಟುತ್ತಿರುತ್ತದೆ. ಭೂಮಿತಾಯಿ ಆಗ ಬಸುರಿ, ಅವಳಿಗೆ ಬಯಕೆಯ ಊಟ ಕೊಡಬೇಕು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ರೊಟ್ಟಿ, ಕಡಬು, ಪಲ್ಲೆ ಎಲ್ಲವನ್ನೂ ಕಲಸಿ "ಹುಲ್ಲುಲ್ಲಿಗೋ… ಹುಲ್ಲುಲ್ಲಿಗೋ…" ಎಂದು ಕೂಗುತ್ತ ಬೆಳೆಯ ಮೇಲೆ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಆ ಎರಚುವ ಅನ್ನವೇ ಚರಗ. ಹಕ್ಕಿಗಳು ತಿಂದದ್ದು ತಿಂದು, ಉಳಿದದ್ದು ಮಣ್ಣಿಗೆ ಸೇರುತ್ತದೆ.

ಕನ್ನೊಳ್ಳಿಯಲ್ಲಿ ನಮ್ಮ ಅತ್ತೆಯ ತಂದೆ ಸಂಗಪ್ಪ ಮಾತ್ರ ನಾಲ್ಕು ದಿಕ್ಕಾದ ಮೇಲೆ ಐದನೆಯ ಹಿಡಿಯೊಂದನ್ನು ಎತ್ತಿಕೊಂಡು ಪಡುವಣದ ಬದುವಿಗೆ ಹೋಗುತ್ತಿದ್ದರಂತೆ. ಅದನ್ನು ದೂರಕ್ಕೆ ಬೀಸಿ ಒಗೆದು, "ಅದೂ ನಮ್ಮ ಹೊಲಾನ" ಎನ್ನುತ್ತಿದ್ದರಂತೆ. ಆ ಹೊಲವೇ ದೀವ್‌ನ ವಿಮಾನ ನಿಲ್ದಾಣ.

ಸಂಗಪ್ಪ ಹರೆಯದಲ್ಲಿ ಸೈನ್ಯ ಸೇರಿದ್ದರು. ಅರವತ್ತೊಂದರ ಡಿಸೆಂಬರಿನಲ್ಲಿ ದೀವ್ ನಮ್ಮದಾದ ಮೇಲೆ ಅವರ ತುಕಡಿಯನ್ನು ಆ ನಿಲ್ದಾಣದ ಕಾವಲಿಗೆ ಹಾಕಿದ್ದರಂತೆ. ಮರುವರ್ಷ ರಜೆಗೆ ಊರಿಗೆ ಬಂದವರು ಮಾಲದಂಡಿ ಜೋಳದ ಬೀಜವನ್ನು ಟ್ರಂಕಿನಲ್ಲಿಟ್ಟುಕೊಂಡು ಹೋದರು. ವಿಮಾನ ಓಡುವ ದಾರಿಯ ಪಕ್ಕದ ಖಾಲಿ ನೆಲದಲ್ಲಿ ಬಿತ್ತಿದರು. ಮುಂಗೈ ದಪ್ಪದ ತೆನೆ ಬಂತು, ಒಂದು ಚೀಲ ಜೋಳ ಆಯಿತು, ರೊಟ್ಟಿ ತಿಂದ ವಿಮಾನದ ಪೈಲಟ್ ಇನ್ನೊಂದು ಕೊಡು ಎಂದ. ನಿವೃತ್ತರಾಗಿ ಬಂದು ಕೃಷಿಗೆ ನಿಂತ ಮೇಲೆ ಸಂಗಪ್ಪ ಇದನ್ನು ಕಟ್ಟೆಯ ಮೇಲೆ ಹೇಳಿದ್ದೇ ಹೇಳಿದ್ದು. ವರ್ಷ ಕಳೆದಂತೆ ಒಂದು ಚೀಲ ಎರಡಾಯಿತು. ಊರವರು ಅವರಿಗೆ ಇಮಾನ ಸಂಗಪ್ಪ ಎಂದು ಹೆಸರಿಟ್ಟರು. ಅವರನ್ನು ಮಣ್ಣು ಮಾಡಿದ ದಿನ ಗುಂಪಿನಲ್ಲಿ ಯಾರೋ "ಇಮಾನ ಸಂಗಪ್ಪ ಕಡೀಕೂ ಹಾರಿದ ನೋಡು" ಎಂದರಂತೆ. ಕೆಲವರು ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರಂತೆ. ಅತ್ತೆ ಅದನ್ನು ಕಿವಿಯಾರೆ ಕೇಳಿದ್ದರು. ಆಮೇಲೆ ಐದನೆಯ ಹಿಡಿ ನಿಂತುಹೋಯಿತು.

"ನಮ್ಮಪ್ಪ ಸುಳ್ಳ ಹೇಳ್ಯಾನೋ ಖರೇ ಹೇಳ್ಯಾನೋ, ಕಣ್ಣ ಮುಚ್ಚೂದರಾಗ ನಾನು ಒಮ್ಮಿ ನೋಡಬೇಕು" ಎಂದು ಅವರು ಹಟ ಹಿಡಿದದ್ದು ಈ ವರ್ಷ. ಅವರ ಮಗ, ಅಂದರೆ ನನ್ನ ಗಂಡ, "ಗಿರಿಜಾ, ನೀ ಕಾಲೇಜಿನ್ಯಾಗ ಹಿಂದಿ ಕಲಸಾಕಿ, ನಿನಗ ಅಲ್ಲಿ ಮಾತಿಗಿ ತ್ರಾಸ ಆಗೂದಿಲ್ಲ" ಎಂದು ಜಾರಿಕೊಂಡರು. ಕನ್ನೊಳ್ಳಿಯ ಹೊಲ ನೋಡಿಕೊಳ್ಳುವ ಅತ್ತೆಯ ಅಣ್ಣನ ಮಗ ಬಸು ಬೀಳ್ಕೊಡಲು ಬಂದವನು ಸುಮ್ಮನಿರಲಿಲ್ಲ. "ಅತ್ತಿ, ಬರೂವಾಗ ಮುತ್ತ್ಯಾನ ಹೊಲದಾಗಿಂದ ಒಂದು ಚೀಲ ಜ್ವಾಳಾ ತಗೊಂಡ ಬಾ" ಎಂದ. ನನಗೂ ಆ ಕಥೆಯಲ್ಲಿ ನಂಬಿಕೆ ಇರಲಿಲ್ಲ. ಆದರೆ ನಗುವುದಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಅಷ್ಟು ದೂರ ಹೋಗಿ ಎಲ್ಲ ಸುಳ್ಳೆಂದು ತಿಳಿದರೆ, ಅರವತ್ತು ದಾಟಿದ ಈ ಹೆಣ್ಣುಮಗಳನ್ನು ನಾನು ಹೇಗೆ ತಿರುಗಿ ಕರೆತರಲಿ?

ಇಂಡಿಯಲ್ಲಿ ಇಳಿದಾಗ ಚಳಿಯ ಬಿಸಿಲು. ನಿಲ್ದಾಣದ ಹೊರಗೆ ಲಿಂಬೆಯ ರಾಶಿ. ಅತ್ತೆ ಒಂದೊಂದನ್ನೂ ಮೂಗಿಗೆ ಹಿಡಿದು ಆರಿಸಿ ಒಂದು ಚೀಲ ತುಂಬಿಸಿದರು. "ಯಾರಿಗಿ ಇವು?" ಎಂದೆ. "ಯಾರರ ಸಿಗತಾರ. ಬರಿಗೈಲೆ ಹೋಗೂದು ಚಲೋ ಕಾಣಸೂದಿಲ್ಲ" ಎಂದರು. ಮುಂದಿನ ಬಸ್ಸಿನಲ್ಲಿ ರಸ್ತೆಯ ಎರಡೂ ಕಡೆ ಕಬ್ಬು, ತೊಗರಿ, ಜೋಳ. ಪ್ರತಿ ಜೋಳದ ಹೊಲ ಕಂಡಾಗಲೂ ಅತ್ತೆ ಕಿಟಕಿಗೆ ಮುಖ ತಂದು, ಇದು ತಡವಾಗಿ ಬಿತ್ತಿದ್ದು, ಇದಕ್ಕೆ ಕಾಡಿಗೆ ರೋಗ ಎಂದು ತೀರ್ಪು ಕೊಡುತ್ತಿದ್ದರು. ಗಡಿ ದಾಟಿ ಮಹಾರಾಷ್ಟ್ರ ಸೇರಿದ ಮೇಲೂ ಅದೇ ಕಪ್ಪು ಮಣ್ಣು, ಅದೇ ಜೋಳ. ಅತ್ತೆಗೆ ಊರು ಬಿಟ್ಟಂತೆಯೇ ಅನಿಸಿರಲಿಲ್ಲ.

ಸೊಲ್ಲಾಪುರದಿಂದ ಮುಂಬೈಗೆ ರಾತ್ರಿಯ ಗಾಡಿ ಹಿಡಿದೆವು. ಮರುದಿನ ಮಧ್ಯಾಹ್ನ ಬಾಂದ್ರಾದಿಂದ ವೇರಾವಳಕ್ಕೆ ಹೋಗುವ ಗಾಡಿ ಹತ್ತಿದೆವು. ಸ್ಲೀಪರ್ ಡಬ್ಬಿ, ಕೆಳಗಿನ ಬರ್ತು, ಮಲಗಲು ತೊಂದರೆಯಾಗಲಿಲ್ಲ. ಎದುರಿನ ಸೀಟಿನಲ್ಲಿ ಸೂರತ್ತಿಗೆ ಹೊರಟಿದ್ದ ಹೆಂಗಸೊಬ್ಬಳು ಥೇಪ್ಲಾ ಎಂಬ ಮೆಂತ್ಯದ ಚಪಾತಿ ಕೊಟ್ಟಳು. ಅತ್ತೆ ಬದಲಿಗೆ ಶೇಂಗಾ ಹೋಳಿಗೆ ಕೊಟ್ಟರು. ಅವಳು ಬುಟ್ಟಿಯನ್ನೇ ನೋಡುತ್ತ ಎಲ್ಲಿಗೆ ಹೊರಟಿರಿ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಸಂತೆಯ ಹಿಂದಿಯಲ್ಲಿ, "ಹಮಾರೆ ಬಾಪ್ ಕಾ ಖೇತ್ ಹೈ ಉಧರ್, ದೇಖನೇಕು ಜಾರಯ್" ಎಂದರು. ಅಪ್ಪನ ಹೊಲ ಎಷ್ಟು ಎಕರೆ ಎಂದು ಅವಳು ಕೇಳಿದಳು. ಅತ್ತೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಬೆಳಗಿಗೆ ವೇರಾವಳ. ನಿಲ್ದಾಣದಿಂದಲೇ ಒಣಮೀನಿನ ವಾಸನೆ ಶುರುವಾಯಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡವರು ಊನಾದ ಬಸ್ಸು ಊರು ದಾಟುವವರೆಗೆ ತೆಗೆಯಲಿಲ್ಲ. ದಾರಿಯಲ್ಲಿ ಶೇಂಗಾ, ಹತ್ತಿ, ತೆಂಗು ಕಂಡವು. ಊನಾದಲ್ಲಿ ಬಸ್ಸು ಬದಲಿಸಿ ಅರ್ಧ ತಾಸಿನಲ್ಲಿ ದೀವ್‌ನ ಗಡಿಗೆ ಬಂದೆವು. ಗುಜರಾತಿನಲ್ಲಿ ಪಾನನಿಷೇಧ, ದೀವ್‌ನಲ್ಲಿ ಇಲ್ಲ. ಹೀಗಾಗಿ ಕಮಾನು ದಾಟಿದ ಕೂಡಲೇ ಸಾಲಾಗಿ ಬಾರುಗಳು. "ಊರು ಇನ್ನೂ ಕಾಣವಲ್ದು, ಅಂಗಡಿ ಚಾಲೂ ಆಗ್ಯಾವು" ಎಂದು ಅತ್ತೆ ಗೊಣಗಿದರು. ಸೇತುವೆ ದಾಟುವಾಗ ಎಡಕ್ಕೆ ಕೋಟೆ, ಕೆಳಗೆ ದೋಣಿಗಳು, ಮುಖಕ್ಕೆ ಹಸಿ ಗಾಳಿ. ಅತ್ತೆ ಸಮುದ್ರ ನೋಡುತ್ತಿದ್ದದ್ದು ಜೀವನದಲ್ಲಿ ಅದೇ ಮೊದಲು. ನೋಡಿದವರು ಕೇಳಿದ್ದು ಒಂದೇ: "ಇಷ್ಟು ನೀರ ಐತಿ, ಒಂದು ಗುಟುಕರ ಕುಡ್ಯಾಕ ಬರತೈತಿ?"

ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಚೊಕ್ಕವಾಗಿತ್ತು, ಬಿಸಿನೀರು ಬರುತ್ತಿತ್ತು, ಕಿಟಕಿಯಿಂದ ಚರ್ಚಿನ ಬಿಳಿ ಗೋಡೆ ಕಾಣುತ್ತಿತ್ತು. ಸಂಜೆ ಖಾನಾವಳಿಯಲ್ಲಿ ಸಜ್ಜೆಯ ದಪ್ಪ ರೊಟ್ಟಿ, ಸುಟ್ಟ ಬದನೆಕಾಯಿಯ ಭರ್ತ, ಮಜ್ಜಿಗೆ. ಅತ್ತೆ ಎರಡು ರೊಟ್ಟಿ ತಿಂದು, "ಇಲ್ಲಿ ಮಂದಿ ಸಜ್ಜಿ ಬೆಳೀತಾರ ಅಂದ ಮ್ಯಾಲ ಜ್ವಾಳಾನೂ ಬಂದಿರತೈತಿ" ಎಂದು ತಮಗೆ ತಾವೇ ಹೇಳಿಕೊಂಡರು. ಆ ಧ್ವನಿಯಲ್ಲಿ ಇದ್ದ ಆಸೆಯನ್ನು ಕೇಳಿ ನನಗೆ ಸಂಕಟವಾಯಿತು.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ರಿಕ್ಷಾ ಮಾಡಿಕೊಂಡು ಮೊದಲು ಗಂಗೇಶ್ವರಕ್ಕೆ ಹೋದೆವು. ದಂಡೆಯ ಬಂಡೆಗಳ ಸಂದಿಯಲ್ಲಿ ಐದು ಲಿಂಗಗಳಿವೆ. ಪಾಂಡವರು ಇಟ್ಟದ್ದೆಂದು ಅಲ್ಲಿಯವರು ಹೇಳುತ್ತಾರೆ. ಅಮಾವಾಸ್ಯೆಯ ಉಬ್ಬರ ಜೋರಾಗಿತ್ತು. ತೆರೆ ಬಂದಾಗ ಲಿಂಗಗಳು ಮುಳುಗುತ್ತಿದ್ದವು, ತೆರೆ ಹಿಂದಕ್ಕೆ ಹೋದಾಗ ಹೊಳೆಯುತ್ತ ಮೇಲೇಳುತ್ತಿದ್ದವು. ನಮ್ಮ ಹೊಲದಲ್ಲೂ ಐದು, ಇಲ್ಲಿಯೂ ಐದು. ಅತ್ತೆ ಮೆಟ್ಟಿಲ ಮೇಲೆ ನಿಂತು ತುಂಬ ಹೊತ್ತು ಕೈಮುಗಿದರು. "ಅತ್ತಿ, ಚರಗಾ ಇಲ್ಲೇ ಚೆಲ್ಲಿಬಿಡ್ರಿ. ಪಾಂಡವ್ರೂ ಅದಾರ, ಅಡ್ಡ ಬರಾವ್ರೂ ಯಾರಿಲ್ಲ" ಎಂದು ನಾನು ಸಲೀಸು ದಾರಿ ತೋರಿಸಿದೆ. ಅತ್ತೆ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡರು. "ಪೂಜಿ ಇಲ್ಲಿ ಆತು. ಹೊಲದ ಕೂಳು ಹೊಲಕ್ಕ."

ಅಲ್ಲಿಂದ ನಾಗೋವಾ ಕಡೆಗೆ ರಸ್ತೆ. ದಾರಿಯುದ್ದಕ್ಕೂ ಒಂದು ವಿಚಿತ್ರ ಮರ. ಈಚಲಿನ ಹಾಗೆ ಕಾಣುತ್ತದೆ, ಆದರೆ ಮೇಲೆ ಹೋಗುತ್ತ ಕವಲೊಡೆಯುತ್ತದೆ. ಹೋಕಾ ಎಂದು ರಿಕ್ಷಾದವನು ಹೆಸರು ಹೇಳಿದ. "ಈಚಲ ಗಿಡಕ್ಕ ಟೊಂಗಿ ಬಂದಾವು! ಇದನ್ನ ಊರಾಗ ಹೇಳಿದ್ರ ನನಗೂ ಒಂದು ಹೆಸರು ಇಡತಾರ" ಎಂದು ಅತ್ತೆ ನಕ್ಕರು. ಊರು ಬಿಟ್ಟ ಮೇಲೆ ಅವರು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು.

ವಿಮಾನ ನಿಲ್ದಾಣ ನಮ್ಮ ತಾಲೂಕಿನ ಬಸ್ ನಿಲ್ದಾಣಕ್ಕಿಂತ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಐವತ್ತರ ದಶಕದಲ್ಲಿ ಪೋರ್ಚುಗೀಸರು ಇದನ್ನು ಕಟ್ಟಿದರು. ಭಾರತದ ನೆಲದ ಮೇಲೆ ದಾರಿ ಮುಚ್ಚಿದ ಕಾಲದಲ್ಲಿ ಅವರಿಗೆ ಗೋವಾ, ದಮನ್ ಜೊತೆ ಸಂಪರ್ಕಕ್ಕೆ ಆಕಾಶವೇ ಬೇಕಾಗಿತ್ತು. ಅರವತ್ತೊಂದರಲ್ಲಿ ನಮ್ಮ ವಾಯುಪಡೆಯ ಬಾಂಬು ಬಿದ್ದದ್ದು ಇದರ ಮೇಲೆಯೇ. ಈಗ ಆ ಗುರುತು ಯಾವುದೂ ಇಲ್ಲ. ಹೂಕುಂಡಗಳು, ಸುಣ್ಣ ಬಳಿದ ಗೋಡೆ, ತಂತಿಬೇಲಿ, ಅದರಾಚೆಗೆ ಉದ್ದಕ್ಕೆ ಮಲಗಿದ ರನ್‌ವೇ, ಅದರಾಚೆಗೆ ಸಮುದ್ರದ ಗೆರೆ. ಇಷ್ಟು ಶಾಂತವಾದ ಜಾಗಕ್ಕೆ ಯಾರಾದರೂ ಯಾಕೆ ಬಾಂಬು ಹಾಕಬೇಕು ಎನಿಸಿತು. ಸಂಗಪ್ಪ ಇಲ್ಲಿ ಬಂದೂಕು ಹಿಡಿದು ನಿಂತಾಗ ಅವರ ವಯಸ್ಸು ನನ್ನ ಕಾಲೇಜಿನ ಹುಡುಗರ ವಯಸ್ಸಿಗಿಂತ ಸ್ವಲ್ಪವೇ ಹೆಚ್ಚು.

ಬಾಗಿಲಿನ ಕಾವಲುಗಾರ ಬುಟ್ಟಿ ತೆರೆಯಿರಿ ಎಂದ. ರೊಟ್ಟಿ, ಹೋಳಿಗೆ, ಸಜ್ಜಿ ಕಡಬು, ಖಾರದ ಹಿಂಡಿ ನೋಡಿ ಅವನಿಗೆ ಖುಷಿಯಾಯಿತು. ಇದನ್ನು ಬೇಲಿಯ ಒಳಗೆ ಎರಚಬೇಕು ಎಂದು ನಾನು ಶುದ್ಧ ಹಿಂದಿಯಲ್ಲಿ ವಿವರಿಸಿದಾಗ ಅವನ ಖುಷಿ ಇಳಿಯಿತು. ಒಳಗಿನಿಂದ ಇನ್ನೊಬ್ಬನನ್ನು ಕರೆದ. ಬಂದವನ ಕೆಲಸವೇ ರನ್‌ವೇಯಿಂದ ಹಕ್ಕಿ ಓಡಿಸುವುದು. ಜೇಬಿನಲ್ಲಿ ಪಟಾಕಿಗಳಿದ್ದವು.

ಅವನು ಸಿಟ್ಟಾಗಲಿಲ್ಲ. ಅನ್ನ ಬಿದ್ದರೆ ಕಾಗೆ, ಹದ್ದು, ಕೊಕ್ಕರೆ ಎಲ್ಲ ಬರುತ್ತವೆ, ಮುಂಬೈಯಿಂದ ವಿಮಾನ ಬರುವ ಹೊತ್ತು, ಒಂದು ಹಕ್ಕಿ ಇಂಜಿನ್ನಿಗೆ ಬಡಿದರೂ ಜೀವಕ್ಕೆ ಕುತ್ತು ಎಂದು ಸಾವಕಾಶವಾಗಿ ಹೇಳಿದ. ಬೇಲಿಯ ಹೊರಗೂ ಎರಚಬಾರದು ಎಂದ. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ನಮ್ಮ ಹೊಲದಾಗೂ ಹಕ್ಕಿ ಹೊಡೀತೇವಿ, ಅಟ್ಟದ ಮ್ಯಾಲ ನಿಂತು. ವರ್ಷದಾಗ ಒಂದ ದಿನಾ ಕರದು ಉಣಸ್ತೇವಿ ಅಂತ ಹೇಳವಾ ಅವಗ" ಎಂದರು ಅತ್ತೆ.

ಹೇಳಿದೆ. ಅವನು ತಲೆಯಾಡಿಸಿ, "ನಮಗೆ ಆ ಒಂದು ದಿನ ಇಲ್ಲ, ಅಮ್ಮ" ಎಂದ.

ಅತ್ತೆ ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ಬುಟ್ಟಿಗೆ ಮುಚ್ಚಳ ಹಾಕಿದರು. "ಕಾಯಾಂವ ಕಾಯಬೇಕು. ನಮ್ಮಪ್ಪನೂ ಇಲ್ಲಿ ಕಾಯಾಕ ನಿಂತಾಂವನ ಅಲ್ಲೇನು?" ಎಂದು ನನ್ನ ಕೈಹಿಡಿದು ಬೇಲಿಯ ಪಕ್ಕದ ಕಾಲುದಾರಿಗೆ ಹೊರಳಿದರು.

ಸ್ವಲ್ಪ ದೂರ ನಡೆದ ಮೇಲೆ ಅವರು ನಿಂತು, ಬಾಗಿ, ಒಂದು ಹಿಡಿ ಮಣ್ಣು ತೆಗೆದುಕೊಂಡರು. ಅದನ್ನು ಅಂಗೈಯಲ್ಲಿ ಒತ್ತಿ ಮುಷ್ಟಿ ಮಾಡಿದರು. ನಮ್ಮ ಎರೆಮಣ್ಣಾಗಿದ್ದರೆ ಉಂಡೆ ಕಟ್ಟಿ ಕೂರುತ್ತಿತ್ತು. ಇದು ಬೆರಳು ಬಿಚ್ಚಿದ ಕೂಡಲೇ ಉಸುಕಾಗಿ ಸೋರಿಹೋಯಿತು. ಅತ್ತೆಯ ಮುಖ ಬಾಡಿತು.

"ಗಿರಿಜಾ, ಇದರಾಗ ಹಿಂಗಾರಿ ಜ್ವಾಳಾ ಬರೂದಿಲ್ಲವಾ" ಎಂದರು. "ನಮ್ಮ ನೆಲಾ ಮಳಿ ನಿಂತ ಮ್ಯಾಲೂ ಹಸಿ ಹಿಡಕೊಂಡು ಕೂಡತೈತಿ. ಅದರ ಮ್ಯಾಲ, ಇಬ್ಬನಿ ಮ್ಯಾಲ ಬೆಳಿ ಬರತೈತಿ. ಈ ಮಣ್ಣು ಬೆಳಗಿನ ನೀರು ಸಂಜೀಕ ಇಡೂದಿಲ್ಲ. ಮ್ಯಾಲ ಈ ಉಪ್ಪಿನ ಗಾಳಿ. ಚೀಲ ಎಲ್ಲಿಂದ ಆಗಬೇಕು?"

ನಾನು ಹೆದರಿದ್ದ ಘಳಿಗೆ ಬಂದಿತ್ತು. ಅವರು ದಾರಿಬದಿಯ ಕಲ್ಲಿನ ಮೇಲೆ ಕುಳಿತು ಬೇಲಿಯಾಚೆ ನೋಡತೊಡಗಿದರು. ಹಾಗೆ ಕುಳಿತಿದ್ದಾಗಲೇ ಒಂದೆರಡು ಪಟಾಕಿ ಸಿಡಿದವು, ಕೊಕ್ಕರೆಗಳು ಎದ್ದು ಸಮುದ್ರದ ಕಡೆ ಹೋದವು. ಚಿಕ್ಕ ವಿಮಾನವೊಂದು ತಲೆಯ ಮೇಲೆಯೇ ಬಂದು, ನೆಲ ಮುಟ್ಟಿ, ದೂಳೆಬ್ಬಿಸಿ ಓಡಿತು. ಇಷ್ಟು ಹತ್ತಿರದಿಂದ ವಿಮಾನ ನೋಡಿದ್ದು ನಾನೂ ಮೊದಲ ಸಲ, ತಲೆ ತಗ್ಗಿಸಿಬಿಟ್ಟೆ. ಅತ್ತೆ ಅದನ್ನು ಎಮ್ಮೆ ಹೋದಂತೆ ನೋಡಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ನಡಿ, ಹೋಗೂಣು" ಎಂದರು.

ಎದ್ದು ನಾಲ್ಕು ಹೆಜ್ಜೆ ಹಾಕಿರಬೇಕು. ಹಿಂದಿನ ಓಣಿಯಿಂದ ಒಂದು ಮುದಿ ಧ್ವನಿ ಕೂಗಿತು.

"ಉಲ್ಲುಲಿಗೋ… ಉಲ್ಲುಲಿಗೋ…"

ಅತ್ತೆ ನಿಂತಲ್ಲೇ ನಿಂತರು. ಸಾವಿರಾರು ಮೈಲಿ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ನಮ್ಮ ಜೋಳದ ಸೀಮೆ ಬಿಟ್ಟು ಇಷ್ಟು ದೂರದ ಸಮುದ್ರದ ದಂಡೆಯಲ್ಲಿ ಆ ಕೂಗು ಕೇಳುತ್ತದೆ ಎಂದರೆ ಯಾರು ನಂಬಬೇಕು? ಓಣಿಯ ಕೊನೆಯಲ್ಲಿ ಹೆಂಚಿನ ಮನೆಯ ಮುಂದೆ ಮುದುಕಿಯೊಬ್ಬಳು ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದಳು. ಅವಳು ಇನ್ನೊಮ್ಮೆ ಕೂಗಿದಳು. ಬೇಲಿಯ ಬುಡದಲ್ಲಿ ಮೇಯುತ್ತಿದ್ದ ಆಡುಗಳು ತಲೆಯೆತ್ತಿ ಅವಳ ಕಡೆ ಓಡಿದವು.

ಅತ್ತೆ ಓಡಿದರು ಎಂದೇ ಹೇಳಬೇಕು. ಅವಳ ಮುಂದೆ ನಿಂತು ಏದುಸಿರು ಬಿಡುತ್ತ, "ಏ ಅವಾಜ್ ಕಿದರ್‌ಸೆ ಸೀಖೆ ತುಮೆ?" ಎಂದು ಕೇಳಿದರು.

ಮುದುಕಿಯ ಹೆಸರು ಜೀವಿಬಾ. ಗುಜರಾತಿಯಲ್ಲಿ ಹಿಂದಿ ಬೆರೆಸಿ ಮಾತಾಡಿದಳು. ನನಗೆ ಅರ್ಥವಾದಷ್ಟನ್ನು ನಮ್ಮ ಕನ್ನಡದಲ್ಲಿ ಬರೆಯುತ್ತೇನೆ. ಆಡುಗಳನ್ನು ಕರೆಯಲು ತಾನು ಚಿಕ್ಕಂದಿನಿಂದ ಹೀಗೇ ಕೂಗುವುದು ಎಂದಳು. ಓಣಿಯಲ್ಲಿ ಬೇರೆ ಯಾರೂ ಹೀಗೆ ಕೂಗುವುದಿಲ್ಲ, ಎಲ್ಲರೂ ನಗುತ್ತಾರೆ, ಆದರೆ ಆಡುಗಳಿಗೆ ಇದೇ ರೂಢಿ. ಕಲಿಸಿದವನು ಒಬ್ಬ ಮದ್ರಾಸಿ ಸಿಪಾಯಿ. ತೆಂಕಣದಿಂದ ಬಂದವರೆಲ್ಲ ಅವಳಿಗೆ ಮದ್ರಾಸಿಗಳೇ.

"ಆಗ ಈ ಗೋಡೆ ಇರಲಿಲ್ಲ, ಬರೀ ತಂತಿ" ಎಂದಳು ಜೀವಿಬಾ. "ಅವನು ಗುದ್ದಲಿ ಹಿಡಿದು ನೆಲ ಅಗೆದ, ಗೆರೆ ಕೊರೆದಂತೆ ಸಾಲು ಮಾಡಿ ಬೀಜ ಹಾಕಿದ. ಉಳಿದ ಸಿಪಾಯಿಗಳು ನಗುತ್ತಿದ್ದರು. ನಮ್ಮಪ್ಪ ಹೋಗಿ, ಇಲ್ಲಿ ಈ ಕಾಲದಲ್ಲಿ ಏನೂ ಬರುವುದಿಲ್ಲ, ಮಳೆ ಮುಗಿಯಿತು ಎಂದು ಹೇಳಿದ. ನಮ್ಮ ಊರಲ್ಲಿ ಮಳೆ ಮುಗಿದ ಮೇಲೆಯೇ ಬೆಳೆ ಬರುವುದು ಎಂದು ಅವನು ಕೇಳಲಿಲ್ಲ."

ಅತ್ತೆ ಅವಳ ಕೈ ಹಿಡಿದುಕೊಂಡರು. "ಬಂತು?"

"ಮೊಣಕಾಲಿನವರೆಗೆ ಬಂತು. ಎಷ್ಟು ಹಸಿರಾಗಿತ್ತು! ಆಮೇಲೆ ತುದಿಯಿಂದ ಹಳದಿಯಾಗುತ್ತ ಬಂತು. ಬಾಲ್ದಿಯಲ್ಲಿ ನೀರು ತಂದು ತಂದು ಹಾಕಿದ. ಒಂದು ತೆನೆಯೂ ಆಗಲಿಲ್ಲ. ಒಂದು ದಿನ ತಟ್ಟೆಯಲ್ಲಿ ಅನ್ನ, ರೊಟ್ಟಿ ಕಲಸಿಕೊಂಡು ಬಂದ. ಒಣಗಿದ ಆ ಪೈರಿನ ಸುತ್ತ ಎರಚುತ್ತ ಇದೇ ಕೂಗು ಕೂಗಿದ. ನಾವು ಹುಡುಗರೆಲ್ಲ ಅವನ ಹಿಂದೆ ಓಡುತ್ತ ಕೂಗಿದೆವು, ಕಾಗೆಗಳು ಬಂದು ತಿಂದವು. ಮರುದಿನ ನನ್ನನ್ನು ಕರೆದು, ನಿನ್ನ ಆಡುಗಳನ್ನು ಒಳಗೆ ಬಿಡು, ಇದನ್ನೆಲ್ಲ ಮೇಯಲಿ ಎಂದ. ನಾನು ಅದೇ ಕೂಗು ಕೂಗಿ ಆಡುಗಳನ್ನು ಬಿಟ್ಟೆ. ಅವು ಮೇದು ಮುಗಿಸುವವರೆಗೆ ಅವನು ಈ ಕಡೆ ನೋಡಲಿಲ್ಲ. ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದ."

ಅತ್ತೆ ಅತ್ತರು. ಬಾಯಿಬಿಟ್ಟು, ಹೆಗಲು ಅಲುಗಿಸಿ, ತಂದೆ ತೀರಿದ ದಿನವೇ ಅಳಬೇಕಾಗಿದ್ದ ಅಳುವನ್ನು ಅಲ್ಲಿ ಅತ್ತರು. ಜೀವಿಬಾಗೆ ನಾನು ಯಾರು, ಇವರು ಯಾರು ಎಂದು ಹೇಳಿದೆ. ಅವಳು ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದಿಟ್ಟಿಸಿ, ಗುರುತು ಸಿಗಲಿಲ್ಲವೆಂಬಂತೆ ತಲೆಯಾಡಿಸಿ, ಆದರೂ ತಬ್ಬಿಕೊಂಡಳು.

ಅಳು ನಿಂತ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ನಾಕ ದಿಕ್ಕಿಗಿ ಚೆಲ್ಲೂದು ಬೆಳದ ಹೊಲಕ್ಕವಾ. ಐದನೇದು ಈ ಬೆಳೀಲಾರದ ಹೊಲಕ್ಕ. ಮಂದಿ ಮುಂದ ಚೀಲ ಅಂದ, ಎರಡು ಚೀಲ ಅಂದ. ಹೊಲದ ಮುಂದ ಒಮ್ಮಿನೂ ಸುಳ್ಳ ಹೇಳಲಿಲ್ಲ ನಮ್ಮಪ್ಪ." ಆ ಬದುವಿನ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಂತ, ನಾನು ನೋಡಿಯೇ ಇರದ ಆ ಮುದುಕನ ಮೇಲೆ ನನಗೆ ಪ್ರೀತಿ ಉಕ್ಕಿತು.

ಚರಗದ ಪ್ರಶ್ನೆ ಹಾಗೇ ಉಳಿದಿತ್ತು. ಹಕ್ಕಿ ಓಡಿಸುವವನ ಮಾತು ಮೀರುವ ಹಾಗಿರಲಿಲ್ಲ. ಅತ್ತೆ ಆಡುಗಳನ್ನು ನೋಡಿದರು, ಬುಟ್ಟಿಯನ್ನು ನೋಡಿದರು. ಕಣ್ಣೊರೆಸಿಕೊಂಡು ಜೀವಿಬಾಳ ಅಂಗಳದಲ್ಲೇ ಕುಳಿತು ರೊಟ್ಟಿ ಮುರಿದು, ಕಡಬು ಕಿವುಚಿ, ಹೋಳಿಗೆಯನ್ನು ಪುಡಿಮಾಡಿ ಕಲಸಿದರು. ಖಾರದ ಹಿಂಡಿಯನ್ನು ಮಾತ್ರ ಪಕ್ಕಕ್ಕಿಟ್ಟರು. "ಅವತ್ತು ಬೆಳಿ ತಿಂದದ್ದು ಇವ್ರ ಮಂದೀನ. ಹೊಲಾ ಇವ್ರ ಹೊಟ್ಯಾಗ ಐತಿ" ಎಂದು ಆಡುಗಳ ಮುಂದೆ ಹಿಡಿ ಹಿಡಿಯಾಗಿ ಹಾಕಿದರು. ದನಿ ತಗ್ಗಿಸಿ "ಹುಲ್ಲುಲ್ಲಿಗೋ" ಎಂದರು. ಜೀವಿಬಾ ತನ್ನ ರೀತಿಯಲ್ಲಿ ಕೂಗಿದಳು. ನನಗೂ ಸುಮ್ಮನಿರಲಾಗಲಿಲ್ಲ, ಕೂಗಿದೆ. ಆಡುಗಳು ಕಡಬಿಗೆ ಕಾದಾಡಿ ಒಂದು ಚೂರೂ ನೆಲದ ಮೇಲೆ ಬಿಡಲಿಲ್ಲ. ಕಾಗೆಗೆ ಸಿಕ್ಕಿದ್ದು ಏನೂ ಇಲ್ಲ.

ಜೀವಿಬಾ ಹಾಲು ಹೆಚ್ಚಾಗಿ ಹಾಕಿ ಚಹಾ ಮಾಡಿಕೊಟ್ಟಳು. ಆಡಿನ ಹಾಲಿನ ವಾಸನೆ ಇತ್ತು, ಇಬ್ಬರೂ ಬಸಿಯಲ್ಲಿ ಸುರಿದುಕೊಂಡು ಕುಡಿದೆವು. ಹೊರಡುವಾಗ ಅತ್ತೆ ಇಂಡಿಯ ಲಿಂಬೆಯ ಚೀಲವನ್ನು ಅವಳ ಉಡಿಗೆ ಸುರಿದರು. "ಯಾರರ ಸಿಗತಾರ ಅಂದಿದ್ದೆ ನೋಡು" ಎಂದು ನನ್ನತ್ತ ಹುಬ್ಬು ಹಾರಿಸಿದರು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಮುದುಕಿ ಇನ್ನೂ ಅಂಗಳದಲ್ಲೇ ಇದ್ದಳು, ಆಡುಗಳು ಬರಿದಾದ ನೆಲವನ್ನು ಮೂಸುತ್ತಿದ್ದವು. ಬೇಲಿಯಾಚೆ ಬಂದಿದ್ದ ವಿಮಾನ ಮತ್ತೆ ಮುಂಬೈಗೆ ಹೊರಡಲು ತಿರುಗಿ ನಿಂತಿತ್ತು.

ತಿರುಗಿ ಬರುವ ದಾರಿಯೂ ಅದೇ. ವೇರಾವಳದಲ್ಲಿ ಅತ್ತೆ ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಒಂದೇ ವಿಚಾರ ಕೊರೆಯುತ್ತಿತ್ತು: ಊರಲ್ಲಿ ಇವರು ಏನು ಹೇಳುತ್ತಾರೆ? ಬಿತ್ತಿದ್ದು ನಿಜ ಎಂದರೆ ಬೆಳೆದದ್ದು ಎಷ್ಟು ಎಂದು ಕೇಳುತ್ತಾರೆ. ಏನೂ ಬರಲಿಲ್ಲ ಎಂದರೆ ಇನ್ನೊಂದು ತಲೆಮಾರು ನಗುತ್ತದೆ. ಚೀಲ ಬಂತು ಎನ್ನಲು ಅತ್ತೆಗೆ ಬಾಯಿ ಬರುವುದಿಲ್ಲ.

ಸಿಂದಗಿಗೆ ಬಂದ ಮರುದಿನ ಕನ್ನೊಳ್ಳಿಗೆ ಹೋದೆವು. ಹೊಲದಲ್ಲಿ ಜೋಳ ಹಾಲುಗಾಳಾಗಿತ್ತು. ಅಮಾವಾಸ್ಯೆಯಂದು ಇಟ್ಟ ಐದು ಕಲ್ಲುಗಳ ಸುಣ್ಣ ಇನ್ನೂ ಬೆಳ್ಳಗಿತ್ತು. ಬಸು ಬದುವಿನ ಮೇಲೆ ಅಕ್ಕಪಕ್ಕದ ಹೊಲದವರ ಜೊತೆ ಕುಳಿತಿದ್ದ. ಖಾಲಿ ಬುಟ್ಟಿ ಹಿಡಿದ ಅತ್ತೆಯನ್ನು ಕಂಡು ಎಲ್ಲರಿಗೂ ಕೇಳುವಂತೆ, "ಅತ್ತಿ, ಎಲ್ಲಿ ಚೀಲಾ?" ಎಂದ. ಕುಳಿತವರು ನಗಲು ತಯಾರಾದರು.

"ಚೀಲಾ ಎಲ್ಲಿಂದ ತರಲೋ?" ಎಂದರು ಅತ್ತೆ. "ನಿಮ್ಮ ಮುತ್ತ್ಯಾ ಒಂದು ಕಾಳ ಉಳಿಸಿಲ್ಲ. ಬೆಳದದ್ದಷ್ಟೂ ಅಲ್ಲೇ ತಿನಿಸಿ ಬಂದಾನ."

ಬಸು ನನ್ನ ಕಡೆ ತಿರುಗಿದ. "ಖರೇ ಏನ್ರಿ ವೈನಿ?"

"ಖರೇ," ಎಂದೆ. "ತಿಂದವ್ರ ಮನಿಗಿ ಹೋಗಿ ಚಾ ಕುಡದು ಬಂದೇವಿ."

ಯಾರೂ ನಗಲಿಲ್ಲ. ಬದುವಿನ ಮೇಲಿದ್ದ ಮುದುಕರೊಬ್ಬರು, ಬಹುಶಃ ಆ ಮಣ್ಣಿನ ದಿನ ಗುಂಪಿನಲ್ಲಿದ್ದವರೇ ಇರಬೇಕು, ಟವೆಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಏನಂತಾರವಾ ಅಲ್ಲಿ ಮಂದಿ, ನಮ್ಮ ಸಂಗಪ್ಪಗ?" ಎಂದು ಕೇಳಿದರು.

ಅತ್ತೆ ಬಸುವಿನ ಬುತ್ತಿಯಿಂದ ಒಂದು ರೊಟ್ಟಿ ಮುರಿದು ಹಿಡಿಯಲ್ಲಿ ತೆಗೆದುಕೊಂಡು ಆಗಲೇ ಪಡುವಣದ ಬದುವಿನ ಕಡೆ ನಡೆದಿದ್ದರು. ನಡೆಯುತ್ತಲೇ, ಹಿಂದಿರುಗಿ ನೋಡದೆ ಹೇಳಿದರು:

"ಇನ್ನೂ ಅವನ ದನೀಲೇ ಕರೀತಾರ್ರಿ."